ಮೆಕ್ಸಿಕೋ ಪ್ರಬಂಧಕ್ಕೆ ಮಂಗಳೂರು ಮನೆ

ಚರ್ಚಿನಲ್ಲಿ ಪಾಪನಿವೇದನೆ ಮಾಡಿ ಬಂದ ವಾರವೇ ನನಗೆ ಅಸೂಯೆ ಪಡುವ ಸಂದರ್ಭ ಒದಗುತ್ತದೆ. ದೇವರ ಪರೀಕ್ಷೆ ಎಂದು ನಾನು ತಿಳಿಯುತ್ತೇನೆ. ಮನೆಯವರು ನನ್ನ ಸ್ವಭಾವ ಎನ್ನುತ್ತಾರೆ.

ದುಬೈಯ ಅಲ್ ಕುಸೈಸಿನ ನಮ್ಮ ಕಟ್ಟಡದ ಎದುರು ಫ್ಲಾಟಿಗೆ ಹೊಸದಾಗಿ ಬಂದ ಹುಡುಗಿ ಮೆಕ್ಸಿಕೋದವರ ಊಟ, ಭಕ್ತಿ, ಹಬ್ಬಗಳ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದಳು. ದುಬೈಯಲ್ಲೇ ಹುಟ್ಟಿದವಳು, ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳುವವಳು. "ಕಂಪೇರ್ ಮಾಡ್ಲಿಕ್ಕೆ ನಮ್ಮೂರಿನ ಒಂದು ಮನೆ ಬೇಕು ಆಂಟಿ" ಅಂದಳು. ಆ ಒಂದು ಮನೆ ನಮ್ಮದಾಗಬೇಕೆಂದು ನನಗೂ ಆಸೆ, ಮೇಲಿನ ಮಹಡಿಯ ಉಡುಪಿಯಾಕೆಗೂ ಆಸೆ.

೧. ಮೆಣಸು

ಮೊದಲ ದಿನವೇ ಅವಳನ್ನು ಅಡುಗೆಮನೆಗೆ ಕರೆದು, ನನ್ನ ಅಜ್ಜಿಯ ಕಾಲದ, ಕೆಂಪು ಮೆಣಸಿನ ಬಫಾತ್ ಮಸಾಲೆ ಪುಡಿಯ ಡಬ್ಬ ತೆರೆದೆ.

"ಆಂಟಿ, ಮೆಣಸು ಮೆಕ್ಸಿಕೋ ಕಡೆಯಿಂದ ಬಂದದ್ದು, ಗೊತ್ತುಂಟಾ?"

ಜೊತೆಗೆ ಬಂದಿದ್ದ ಉಡುಪಿಯಾಕೆ ನಕ್ಕಳು. ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಅವಳು ನನ್ನನ್ನು ಬಾಯಮ್ಮ ಎನ್ನುತ್ತಾಳೆ. "ಮತ್ತೆ ನಿಮ್ಮದು ಅಂತ ಎಂತ ಉಳಿಯಿತು ಬಾಯಮ್ಮ?"

ನಾನು ಡಬ್ಬದ ಮುಚ್ಚಳ ಒತ್ತಿ ಹಾಕಿದೆ. ಮೆಣಸು ಮೆಕ್ಸಿಕೋದ್ದೇ ಇರಬಹುದು. ಹೊಟ್ಟೆಯ ಉರಿ ಮಾತ್ರ ನನ್ನದೇ ಆಗಿತ್ತು.

೨. ಮಾತೆಯ ಚಿತ್ರ

ಇನ್ನೊಂದು ದಿನ ಹುಡುಗಿ ಮೆಕ್ಸಿಕೋದವರು ಪೂಜಿಸುವ, ಹಸಿರು ಹೊದಿಕೆಯ ಮಾತೆ ಮರಿಯಮ್ಮನವರ ಚಿತ್ರ ತೋರಿಸಿದಳು. ಇದು ನನ್ನ ವಿಷಯ, ದಿನಾ ಜಪಸರ ಮಾಡುವವಳು ನಾನು. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಉಡುಪಿಯಾಕೆ, "ನಮ್ಮ ದೇವಿಗೂ ಹೀಗೇ ಹಸಿರು ಸೀರೆ ಉಡಿಸ್ತಾರೆ" ಅಂದುಬಿಟ್ಟಳು. ಹುಡುಗಿ ಅದನ್ನೇ ಅರ್ಧ ಪುಟ ಬರೆದುಕೊಂಡಳು.

ಆ ಸಂಜೆ ಜಪಸರದಲ್ಲಿ ಮನಸ್ಸು ಅರ್ಧ ಪುಟದ ಮೇಲೆಯೇ. ಹತ್ತು ನಮೋ ಮರಿಯಾ ಹೇಳಬೇಕಾದಲ್ಲಿ ಲೆಕ್ಕ ತಪ್ಪಿ ಹದಿನಾಲ್ಕು ಹೇಳಿದೆ. ನನ್ನ ಅಸೂಯೆಯಿಂದ ಲಾಭವಾದದ್ದು ಮಾತೆಗೊಬ್ಬಳಿಗೇ.

೩. ಹೊರಟು ಹೋದವರು

ನವೆಂಬರಿನಲ್ಲಿ ಹುಡುಗಿ ಮೆಕ್ಸಿಕೋದವರ ಕ್ರಮದಲ್ಲಿ ತನ್ನ ಮನೆಯಲ್ಲಿ ಒಂದು ಮೇಜು ಅಲಂಕರಿಸಿದಳು. "ಆಂಟಿ, ಹೊರಟು ಹೋದವರ ಫೋಟೋ ತನ್ನಿ. ಅವರ ಇಷ್ಟದ ಊಟವೂ ಇಡಬೇಕು."

ನಮ್ಮ ಮನೆಯಿಂದ ಹೊರಟು ಹೋಗುವವರು ಗಂಡ ಒಬ್ಬರೇ. ಅವರಿಗೆ ಅಬುಧಾಬಿಯಲ್ಲಿ ಕೆಲಸ. ಗುರುವಾರ ಬಂದು ಶನಿವಾರ ಹೊರಡುತ್ತಾರೆ. ಹುಡುಗಿ ಅವರನ್ನು ನೋಡಿರಲೇ ಇಲ್ಲ. ಉಡುಪಿಯಾಕೆ ಬರುವ ಮೊದಲು ನಡುವಿನ ಜಾಗ ಹಿಡಿಯುವ ಅವಸರದಲ್ಲಿ ನಾನು ಹೆಚ್ಚು ವಿಚಾರಿಸಲಿಲ್ಲ. ಅವರ ಕೋಟು ಹಾಕಿದ ಫೋಟೋ ಇಟ್ಟೆ, ಮುಂದೆ ತಟ್ಟೆ ತುಂಬುವ ಅಂಜಲ್ ಮೀನಿನ ಫ್ರೈ. ಹುಡುಗಿ ಚೆಂಡುಹೂ ಏರಿಸಿ, ಮೇಣದಬತ್ತಿ ಹಚ್ಚಿ, ನನ್ನ ಕೈ ಹಿಡಿದು ಕಣ್ಣು ಮುಚ್ಚಿ ಕೂತಳು. ಎಷ್ಟು ಭಕ್ತಿಯ ಮಗು ಎಂದುಕೊಂಡೆ.

ಉಡುಪಿಯಾಕೆ ತೀರಿಹೋದ ಅತ್ತೆಯ ಫೋಟೋ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. "ಯಾವಾಗ ಆದದ್ದು ಬಾಯಮ್ಮ? ಹೋದ ವಾರ ಲಿಫ್ಟಿನಲ್ಲಿ ಸಿಕ್ಕಿದ್ದರಲ್ಲ."

ನನಗೆ ಆಗ ಅರ್ಥವಾಯಿತು: ಮೇಜು ಸತ್ತವರದ್ದು, ಇಂಗ್ಲಿಷಿನ 'ಡಿಪಾರ್ಟೆಡ್' ಅನ್ನು ಹುಡುಗಿ 'ಹೊರಟು ಹೋದವರು' ಮಾಡಿದ್ದಳು. ಅವತ್ತು ಗುರುವಾರ. ಮನೆಯ ಕೀಲಿಕೈ ಹುಡುಕಿಕೊಂಡು ನನ್ನ ಗಂಡ ಅವಳ ಹಿಂದೆಯೇ ಬಂದರು. ಫೋಟೋ, ಹೂ, ಬತ್ತಿ ಎಲ್ಲವನ್ನೂ ನೋಡಿದರು.

"ನನಗೊಂದು ಫೋನ್ ಮಾಡಿ ಹೇಳಬಹುದಿತ್ತು" ಎಂದರು.

ಹುಡುಗಿ ಬೆಪ್ಪಾದರೂ ಪೆನ್ನು ಬಿಡಲಿಲ್ಲ. "ಅಂಕಲ್, ಬದುಕಿದ್ದವರಿಗೂ ಹೀಗೆ ಊಟ ಇಡುವ ಪದ್ಧತಿ ನಿಮ್ಮಲ್ಲಿ ಉಂಟಾ? ಇದ್ದರೆ ಪ್ರಬಂಧಕ್ಕೆ ನಿಮ್ಮ ಮನೆಯೇ ಫಿಕ್ಸ್."

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಅವರಾದರೂ 'ಉಂಟು' ಎನ್ನಲಿ ಎಂದು ಮನಸ್ಸಿನಲ್ಲೇ ಪ್ರಾರ್ಥಿಸಿದೆ.

ಅವರು ತಟ್ಟೆ ಎತ್ತಿಕೊಂಡು ಕುರ್ಚಿ ಎಳೆದು ಕೂತರು. "ಇಲ್ಲ ಮಗಾ. ಬದುಕಿದ್ದಾಗ ಇಷ್ಟು ದೊಡ್ಡ ತುಂಡು ನನಗೆ ಯಾವತ್ತೂ ಬಿದ್ದದ್ದಿಲ್ಲ."