ಬೀಗದವನಿಗೆ ಸಿಗ್ನಲ್ ಸಿಕ್ಕ ದಿನ

ನನ್ನ ಅಂಗಡಿ ನೆಲಮಾಳಿಗೆಯಲ್ಲಿದೆ. ಬೀಗ ರಿಪೇರಿ, ನಕಲಿ ಕೀಲಿಕೈ (ನಕಲಿ ಎಂದರೆ ಎರಡನೆಯದು, ಹಾಗೆ ನೋಡಬೇಡಿ), ಮುಚ್ಚಿಕೊಂಡ ಬಾಗಿಲು ತೆರೆಯುವುದು ನನ್ನ ಕಸುಬು. ಈ ಕಸುಬಿಗೆ ಫೋನೇ ಪ್ರಾಣ. ಮನೆಯೊಳಗೆ ಕೀಲಿಕೈ ಬಿಟ್ಟು ಬಾಗಿಲೆಳೆದುಕೊಂಡವನು ಅಂಗಡಿ ಹುಡುಕಿಕೊಂಡು ಬರುವುದಿಲ್ಲ, ಫೋನ್ ಮಾಡುತ್ತಾನೆ. ಆದರೆ ನಮ್ಮ ಪಾತಾಳಕ್ಕೆ ಸಿಗ್ನಲ್ ಇಳಿದು ಬರುತ್ತಲೇ ಇರಲಿಲ್ಲ.

ಹೆಂಡತಿ ಹಾಕಿದ ಗೆರೆ ದಾಟದ ನಾನು ಫೋನಿನಲ್ಲಿ ಒಂದು ಗೆರೆ ಕಾಣಲು ಮೆಟ್ಟಿಲು ಹತ್ತಿ ಬೀದಿಗೆ ಬಂದು, ದೀಪದ ಕಂಬಕ್ಕೆ ಬೆನ್ನು ಕೊಟ್ಟು, ಎಡಗೈ ಮೇಲೆತ್ತಿ ನಿಲ್ಲಬೇಕಾಗಿತ್ತು. ನಿಂತೂ ನಿಂತೂ ಬೀದಿಯ ನಾಯಿಗಳು ನನ್ನನ್ನೂ ಕಂಬದ ಒಂದು ಭಾಗವೆಂದೇ ತಿಳಿಯತೊಡಗಿದವು. ಇದಕ್ಕಿಂತ ಬಿಡಿಸಿ ಹೇಳಲಾರೆ.

ನಾನು ಹಾಗೆ ನಿಂತಿರುವಾಗಲೇ ಎದುರು ಸಾಲಿನ ಬೀಗದವನು ಸ್ಕೂಟರ್ ಹತ್ತಿ ಟುರ್ರೆಂದು ಹೋಗುತ್ತಿದ್ದ. ನನಗೆ ಬರಬೇಕಾದ ಗಿರಾಕಿಯ ಮನೆಗೇ. ಮನಸ್ಸಿನಲ್ಲಿ ಅವನಿಗೆ ಕೊಕ್ಕೆ ಎಂದು ಹೆಸರಿಟ್ಟಿದ್ದೆ. ನಾವಿಬ್ಬರೂ ಮಾತು ಬಿಟ್ಟು ಕಾಲವಾಗಿತ್ತು. ಯಾಕೆ ಬಿಟ್ಟೆವೆಂಬುದು ನನಗೆ ಮರೆತಿದೆ, ಅವನಿಗೂ ಮರೆತಿರಬೇಕು. ಆದರೆ ಮೊದಲು ಕೇಳುವವರು ಯಾರು?

"ಅವರ ಕೈಯಲ್ಲಿ ಮಂತ್ರ ಏನಿಲ್ಲ ರೀ. ಫೋನ್ ಮಾಡಿದ್ರೆ ಎತ್ತುತ್ತಾರೆ, ಅಷ್ಟೆ" ಎಂದಳು ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಹೆಂಡತಿ. ಅಷ್ಟು ಹೇಳಿ ಸುಮ್ಮನಾಗುವ ಜಾತಿಯಲ್ಲ ಅವಳು. ಫೋನ್ ಕಂಪನಿಗೆ ಬೆನ್ನು ಬಿದ್ದು ಒಂದು ಪುಟ್ಟ ಟವರನ್ನೇ ತರಿಸಿಬಿಟ್ಟಳು. ಟವರ್ ಎಂದರೆ ಬಿಸ್ಕತ್ತಿನ ಡಬ್ಬಿಯಷ್ಟು ದೊಡ್ಡದು. ಇಂಟರ್ನೆಟ್ಟಿನ ವೈರನ್ನು ಅದಕ್ಕೆ ಚುಚ್ಚಿದರೆ ಅಂಗಡಿಯ ಮಟ್ಟಿಗೆ ತಾನೇ ಸಿಗ್ನಲ್ ಹಬ್ಬಿಸುತ್ತದೆ.

"ಕೂರಿಸೋಕೆ ಕಂಪನಿಯವರು ಜನ ಕಳಿಸ್ತಾರಂತೆ" ಎಂದಳು.

"ಎಂಥೆಂಥ ತಿಜೋರಿ ಬಿಚ್ಚಿದವನಿಗೆ ಈ ಡಬ್ಬಿ ಯಾವ ಲೆಕ್ಕ?" ಎಂದೆ. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ಬೆಳಿಗ್ಗೆ ಅದನ್ನು ಗಲ್ಲಾದ ಪಕ್ಕ, ಬಂದವರಿಗೆಲ್ಲ ಕಾಣುವಂತೆ ಪ್ರತಿಷ್ಠಾಪಿಸಿದೆ. ಕೆಂಪು ದೀಪ ಹತ್ತಿತು. ಹತ್ತಿದ್ದು ಆರಲೂ ಇಲ್ಲ, ಹಸಿರಾಗಲೂ ಇಲ್ಲ. ಹೆಂಡತಿ ಅದರ ಜೊತೆ ಬಂದಿದ್ದ ಕಾಗದ ಬಿಡಿಸಿ ಓದಿದಳು.

"ಇದಕ್ಕೆ ಆಕಾಶ ಕಾಣಬೇಕಂತೆ ರೀ. ತಾನು ಎಲ್ಲಿದೀನಿ ಅಂತ ಉಪಗ್ರಹ ನೋಡಿ ತಿಳ್ಕೊಳ್ಳುತ್ತಂತೆ. ಒಳಕೋಣೆಯ ಗವಾಕ್ಷಿ ಹತ್ರ ಇಡಿ."

"ನನಗೇ ಇಲ್ಲಿ ಆಕಾಶ ಕಾಣಲ್ಲ. ನಾನು ಎಲ್ಲಿದೀನಿ ಅಂತ ನನಗೆ ಗೊತ್ತಾಗಲ್ವಾ?"

"ನಿಮಗೆ ನಾನು ಹೇಳ್ತೀನಲ್ಲ. ಅದಕ್ಕೆ ಹೇಳೋರ್ಯಾರು?"

ಮಾತಿಗೆ ಮಾತು ಬೆಳೆಯಿತು. ಡಬ್ಬಿಯಿಂದ ಶುರುವಾದದ್ದು ನನ್ನ ಹಟ, ನಮ್ಮ ತಂದೆಯ ಹಟ, ಅವಳ ಅಣ್ಣನ ಮದುವೆಯಲ್ಲಿ ನಾನು ಊಟಕ್ಕೆ ಮುಂಚೆ ಎದ್ದು ಬಂದದ್ದು, ಎಲ್ಲವನ್ನೂ ಸುತ್ತಿಕೊಂಡು ಮತ್ತೆ ಡಬ್ಬಿಗೇ ಬಂದು ನಿಂತಿತು. ಕೊನೆಗೆ ನಾನು ಡಬ್ಬಿಯನ್ನೂ ಕಾಗದವನ್ನೂ ಬಾಚಿಕೊಂಡು ಒಳಕೋಣೆಗೆ ನಡೆದು, ಕೊನೆಯ ಮಾತು ನನ್ನದೇ ಆಗಿರಲೆಂದು ಬಾಗಿಲನ್ನು ದಢಾರನೆ ಹಾಕಿದೆ.

ಆ ಬಾಗಿಲಿನ ವಿಷಯ ಹೇಳಲೇಬೇಕು. ಬೆಲೆಬಾಳುವ ಬೀಗಗಳನ್ನಿಡುವ ಕೋಣೆಯೆಂದು ನಾನೇ ಮಾಡಿಸಿದ ಉಕ್ಕಿನ ಮಹಾದ್ವಾರ. ಅದಕ್ಕೆ ನಾನೇ ರಚಿಸಿದ ಬೀಗ. ತಳ್ಳಿದರೆ ತಾನೇ ಬೀಳುತ್ತದೆ, ಕೀಲಿಯಿಲ್ಲದೆ ಒಳಗಿನಿಂದಲೂ ತೆರೆಯದು. "ಇದನ್ನು ಮಾಡಿದವನೂ ಬಿಚ್ಚಲಾರ" ಎಂದು ಗಿರಾಕಿಗಳ ಮುಂದೆ ಬೀಗಿದ್ದೇ ಬೀಗಿದ್ದು. ಕೀಲಿಗೊಂಚಲು ಹೊರಗಡೆ ಬಾಗಿಲಲ್ಲೇ ತೂಗಾಡುತ್ತಿತ್ತು. ಸಲಕರಣೆಗಳೆಲ್ಲ ಹೊರಗೆ ಮೇಜಿನ ಮೇಲೆ. ಹೊರಗೆ ಹೆಂಡತಿಯ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತಿ ಹೋಯಿತು. ಸಿಟ್ಟು ಬಂದಾಗ ಅವಳು ಅಕ್ಕನ ಮನೆಗೆ ಹೋಗುತ್ತಾಳೆ.

ಒಂದೆರಡು ಸಲ ಬಾಗಿಲು ಬಡಿದೆ. ಬಹಳ ಗಟ್ಟಿ ಬಾಗಿಲು. ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಸ್ಟೂಲು ಹತ್ತಿ ಗವಾಕ್ಷಿಗೆ ಮುಖವಿಟ್ಟೆ. ಅದು ಬೀದಿಯ ಮಟ್ಟಕ್ಕಿದೆ. ಅಲ್ಲಿಂದ ಮನುಷ್ಯರು ಮೊಣಕಾಲಿನವರೆಗೆ ಮಾತ್ರ ಕಾಣುತ್ತಾರೆ. ಪಾಲಿಶ್ ಮಾಡಿದ ಒಂದು ಜೊತೆ ಬೂಟು ಬಂತು. "ಸ್ವಾಮಿ, ಸ್ವಲ್ಪ ಸಹಾಯ ಮಾಡ್ತೀರಾ" ಎಂದೆ. "ಚಿಲ್ಲರೆ ಇಲ್ಲಪ್ಪ, ಮುಂದೆ ಹೋಗು" ಎಂದು ಬೂಟುಗಳು ತಾವೇ ಮುಂದೆ ಹೋದವು. ಆಮೇಲೆ ಎತ್ತರ ಹಿಮ್ಮಡಿಯ ಚಪ್ಪಲಿಯೊಂದು ನನ್ನ ದನಿ ಕೇಳಿ ಚೀರಿ ಓಡಿತು. ಜೇಬಿನಲ್ಲಿದ್ದ ನನ್ನ ಗುಂಡಿ ಒತ್ತುವ ಹಳೆಯ ಫೋನಿನಲ್ಲಿ ಒಂದೇ ಒಂದು ಗೆರೆಯೂ ಇರಲಿಲ್ಲ.

ಉಳಿದದ್ದು ಡಬ್ಬಿ. ಆ ಕಾಗದವನ್ನು ಪರೀಕ್ಷೆಗೆ ಓದುವವನಂತೆ ಓದಿದೆ. ಒಳಕೋಣೆಗೂ ಎಳೆದಿದ್ದ ಇಂಟರ್ನೆಟ್ ವೈರನ್ನು ಚುಚ್ಚಿ, ಡಬ್ಬಿಯ ಆಂಟೆನಾವನ್ನು ಗವಾಕ್ಷಿಗೆ ಅಂಟಿಸಿ, ಅದರ ಮುಂದೆ ಕೈಕಟ್ಟಿ ಕುಳಿತೆ. "ಮೊದಲ ಸಲ ತಡವಾಗಬಹುದು, ತಾಳ್ಮೆಯಿರಲಿ" ಎಂದು ಕಾಗದ ಹೇಳುತ್ತಿತ್ತು. ಮದುವೆಯ ದಿನ ನಮ್ಮ ಮಾವನೂ ಇದನ್ನೇ ಹೇಳಿದ್ದರು. ಕೆಂಪು ದೀಪ ಮಿಟುಕಿತು. ಮತ್ತೆ ಸುಮ್ಮನಾಯಿತು. ಕಾಲು ಜೋಮು ಹಿಡಿದು, ಹೊಟ್ಟೆ ಹಸಿದು, ಇಲ್ಲೇ ನನ್ನ ಕಥೆ ಮುಗಿಯಿತೆಂದು ಎದೆ ನಿಜವಾಗಿಯೂ ಡವಗುಟ್ಟತೊಡಗಿದಾಗ ದೀಪ ಹಸಿರಾಯಿತು. ಫೋನಿನಲ್ಲಿ ಒಂದು ಗೆರೆ, ಎರಡು, ಪೂರ್ತಿ. ಕಣ್ಣಲ್ಲಿ ನೀರು ಬಂತು.

ಹೆಂಡತಿಗೆ ಫೋನ್ ಮಾಡಿದೆ.

"ಸಿಗ್ನಲ್ ಬಂತಾ?"

"ಬಂತು. ಆದರೆ..."

"ಗವಾಕ್ಷಿ ಹತ್ರ ಇಟ್ಟಿದ್ದಕ್ಕೇ ತಾನೆ?"

"ಹೌದು. ಆದರೆ..."

"ಅಷ್ಟು ಒಪ್ಪಿದ್ರಲ್ಲ, ಸಾಕು" ಎಂದು ಇಟ್ಟುಬಿಟ್ಟಳು.

ಎರಡನೆಯ ಸಲ ಮಾಡಿ ನಿಜ ಹೇಳಿದೆ. ಆ ಕಡೆಯಿಂದ ಅಕ್ಕತಂಗಿಯರಿಬ್ಬರ ನಗು.

ಏನೇ ಆಗಲಿ, ಓಡೋಡಿ ಬಂದಳು. ಬಾಗಿಲಿನ ಆಚೆಯಿಂದ, "ನೀವು ಬಾಗಿಲು ಬಡಿದ ಹೊಡೆತಕ್ಕೆ ಕೀಲಿ ಬಗ್ಗಿದೆ ರೀ. ತಿರುಗಿಸಿದ್ರೆ ಮುರಿಯುತ್ತೆ" ಎಂದಳು.

"ನಾನು ಮಾಡಿದ ಕೀಲಿ ಮುರಿಯಲ್ಲ. ಜೋರಾಗಿ ತಿರುಗಿಸು."

ಕಟ್ ಎಂಬ ಸದ್ದು ನನಗೂ ಕೇಳಿಸಿತು.

"ಈಗ ಎದುರುಗಡೆಯವರನ್ನೇ ಕರೀಬೇಕು" ಎಂದಳು.

"ಇಲ್ಲೇ ಒಣಗಿ ಹೋಗ್ತೀನಿ. ಅವನನ್ನ ಮಾತ್ರ ಕರೀಬೇಡ."

ಅಷ್ಟರಲ್ಲಿ ಫೋನ್ ರಿಂಗಾಯಿತು. ನೆಲಮಾಳಿಗೆಗೆ ಹೊರಗಿನಿಂದ ಬಂದ ಮೊಟ್ಟಮೊದಲ ಕರೆ. ಒಬ್ಬ ಅಜ್ಜಿ. ದನಿ ನಡುಗುತ್ತಿತ್ತು. "ಮೊಮ್ಮಗಳು ಬಚ್ಚಲುಮನೆ ಚಿಲಕ ಹಾಕ್ಕೊಂಡುಬಿಟ್ಟಿದೆಯಪ್ಪ. ತೆಗೆಯೋಕೆ ಬರಲ್ಲ ಅದಕ್ಕೆ. ನಲ್ಲಿ ಬೇರೆ ತಿರುಗಿಸಿದೆ, ಬಿಸಿನೀರಿನದು. ಬೇಗ ಬಾಪ್ಪ." ಹಿಂದೆ ಮಗು ಅಳುವುದು ಕೇಳಿಸುತ್ತಿತ್ತು.

ಮನೆ ಎರಡೇ ಬೀದಿಯಾಚೆ. ನಾನಿದ್ದದ್ದು ಉಕ್ಕಿನ ಬಾಗಿಲಾಚೆ. "ಈಗಲೇ ಜನ ಬರ್ತಾರಮ್ಮ, ಮಗು ಜೊತೆ ಮಾತಾಡ್ತಾ ಇರಿ, ನಲ್ಲಿಯಿಂದ ದೂರ ಕರೀರಿ" ಎಂದು ವಿಳಾಸ ಕೇಳಿಕೊಂಡೆ. ಕೊಕ್ಕೆಯ ಬೋರ್ಡಿನ ನಂಬರು, ಕಂಬದ ಕೆಳಗೆ ನಿಂತು ದಿನವೂ ಕಣ್ಣಿಗೆ ಬಿದ್ದು ಬಾಯಿಗೇ ಬಂದುಹೋಗಿತ್ತು. ಒತ್ತಿದೆ. ಅವನು ಎತ್ತಿದ. ಎತ್ತುತ್ತಾನೆಂದು ಹೆಂಡತಿ ಹೇಳಿದ್ದು ಸುಳ್ಳಲ್ಲ.

ಹೆಸರು ಹೇಳದೆ ವಿಳಾಸ ಕೊಟ್ಟು, "ಮೊದಲು ಅಲ್ಲಿಗೆ ಹೋಗಿ. ಮಗು ಒಳಗೆ ಸಿಕ್ಕಿಕೊಂಡಿದೆ. ಆಮೇಲೆ ಪುರುಸೊತ್ತಾದರೆ ನಿಮ್ಮ ಎದುರು ಸಾಲಿನ ನೆಲಮಾಳಿಗೆಗೂ ಬನ್ನಿ" ಎಂದೆ.

"ಅಲ್ಲೇನಾಗಿದೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಾಚೆಯಿಂದ ಹೆಂಡತಿ ಕೂಗಿದಳು, "ಇಲ್ಲೂ ಒಂದು ಮಗು ಸಿಕ್ಕಿಕೊಂಡಿದೆ ಅನ್ನಿ."

ಅವನು ನಗಲಿಲ್ಲ. ಸ್ಕೂಟರ್ ಟುರ್ರೆಂದದ್ದು ಗವಾಕ್ಷಿಯಲ್ಲಿ ಕೇಳಿಸಿತು. ಜನ್ಮದಲ್ಲಿ ಮೊದಲ ಸಲ ಆ ಸದ್ದು ನನಗೆ ಹಿತವಾಗಿತ್ತು.

ಆಮೇಲಿನ ಹೊತ್ತೆಲ್ಲ ಹೆಂಡತಿ ಬಾಗಿಲಿನ ಆ ಕಡೆ, ನಾನು ಈ ಕಡೆ ಒರಗಿ ಕುಳಿತೆವು. ಫೋನ್ ರಿಂಗಾಯಿತು. ಅಜ್ಜಿ. "ಸಿಕ್ಕಳಪ್ಪ. ಏನೂ ಆಗಿಲ್ಲ. ಸಾಬೂನು ಒಂದಿಷ್ಟು ತಿಂದಿದೆ, ಅಷ್ಟೆ." ನಾನು ಹೇಳುವ ಮೊದಲೇ ಬಾಗಿಲಾಚೆ ಹೆಂಡತಿ ಮೂಗೊರೆಸಿಕೊಳ್ಳುವ ಸದ್ದಾಯಿತು.

ಕೊಕ್ಕೆ ಬಂದ. ಬೀಗವನ್ನು ತಡವಿ ನೋಡಿ, "ಒಳ್ಳೆ ಕೆಲಸ. ಯಾರು ಮಾಡಿದ್ದು?" ಎಂದ.

"ನಾನೇ" ಎಂದೆ ಒಳಗಿನಿಂದ.

"ಹಾಗಾದ್ರೆ ಸ್ವಲ್ಪ ಹೊತ್ತು ಹಿಡಿಯುತ್ತೆ" ಎಂದು ಅವನು ಮರ್ಯಾದೆಗೆ ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಮೂವರೂ ಟೀ ಕುಡಿದೆವು. ಮಾತು ಯಾಕೆ ಬಿಟ್ಟೆವೆಂದು ಕೇಳಿದೆ. ಅವನಿಗೂ ಮರೆತಿತ್ತು. ನನ್ನ ಹೆಂಡತಿಗೆ ನೆನಪಿತ್ತು. ಆದರೆ ಹೇಳಲಿಲ್ಲ, ಪುಣ್ಯಾತಗಿತ್ತಿ.

ಈಗ ಅಂಗಡಿಯ ಮೂಲೆಮೂಲೆಯಲ್ಲೂ ಸಿಗ್ನಲ್ ತುಂಬಿ ತುಳುಕುತ್ತದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಫೋನ್ ಬಂತು. ಗಂಟಲು ಸರಿಮಾಡಿಕೊಂಡು ಎತ್ತಿದೆ.

"ಬೀಗದ ಅಂಗಡಿಯೋರಾ? ನಿನ್ನೆ ನೀವೇ ಒಳಗೆ ಸಿಕ್ಕಿಕೊಂಡಿದ್ರಂತಲ್ಲ?"

"ಹೌದು" ಎಂದೆ.

"ನಿಮ್ಮನ್ನ ಬಿಡಿಸಿದ್ರಲ್ಲ, ಅವರ ನಂಬರ್ ಸ್ವಲ್ಪ ಕೊಡ್ತೀರಾ?"

ಕೊಟ್ಟೆ. ಎರಡನೆಯ ಸಲ ಹೇಳುವ ಅಗತ್ಯವೂ ಬೀಳಲಿಲ್ಲ. ದನಿ ಅಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು.