ಆಲ್ಬುಮಿನ್ ಹಿಡಿದು ಕೂತ ಜೀವಕೋಶ ಮಹಾಶಯರಿಗೆ

ಮಾನ್ಯರೇ,

ಇನ್‌ಕ್ಯುಬೇಟರಿನ ಮೇಲಂತಸ್ತಿನಲ್ಲಿ, ಪ್ಲಾಸ್ಟಿಕ್ ತಟ್ಟೆಯ ಮೂಲೆಯ ಗುಳಿಯೊಳಗೆ ಸಪರಿವಾರರಾಗಿ ಬೆಚ್ಚಗಿರುವ ತಮ್ಮ ಸನ್ನಿಧಾನಕ್ಕೆ, ಈ ಪ್ರಯೋಗಾಲಯದಲ್ಲಿ ತಮಗೆ ಹೊತ್ತುಹೊತ್ತಿಗೆ ಉಣಬಡಿಸುವವಳ ಸವಿನಯ ನಮಸ್ಕಾರಗಳು. ತಾವು ದಿನೇ ದಿನೇ ಇಮ್ಮಡಿಯಾಗುತ್ತಿರುವುದನ್ನು ಕಂಡು ಹೊಟ್ಟೆ ಉರಿಯುತ್ತಿದೆ, ಕ್ಷಮಿಸಿ, ಹೃದಯ ತುಂಬಿ ಬಂದಿದೆ.

ತಮ್ಮ ಜನ್ಮವೃತ್ತಾಂತ ತಮಗೆ ಮರೆತಿರಬಹುದು. ಮನುಷ್ಯರ ರಕ್ತ ಹೆಪ್ಪುಗಟ್ಟಿಸುವ ಅಂಶವೊಂದನ್ನು ಇಲಿಗೆ ಚುಚ್ಚಿ, ಅದನ್ನು ಹಿಡಿಯುವ ಪ್ರತಿಕಾಯ ತಯಾರಿಸಲು ಕಲಿತ ಇಲಿಯ ಜೀವಕೋಶಕ್ಕೂ, ಸಾಯುವುದೇ ಗೊತ್ತಿಲ್ಲದ ಕ್ಯಾನ್ಸರ್ ಜೀವಕೋಶಕ್ಕೂ ನಾನೇ ಮುಂದೆ ನಿಂತು ಗಂಟು ಹಾಕಿದ್ದರಿಂದ ತಾವು ಹುಟ್ಟಿದಿರಿ. ಅಪ್ಪನಿಂದ ವಿದ್ಯೆ, ಅಮ್ಮನಿಂದ ಆಯುಷ್ಯ, ಇನ್ನೇನು ಬೇಕಿತ್ತು? ತಮ್ಮ ಪ್ರತಿಕಾಯ ದಾನಿಗಳ ರಕ್ತದಿಂದ ಆ ಒಂದು ಅಂಶವನ್ನು ಹಿಡಿದೆಳೆದು ಕೊಟ್ಟರೆ ಸಾಕಿತ್ತು, ಔಷಧವಾಗುತ್ತಿತ್ತು. ಹುಟ್ಟಿನಿಂದಲೇ ಆ ಅಂಶವಿಲ್ಲದ ನನ್ನ ಅಣ್ಣ ಗಡ್ಡ ಬೋಳಿಸಲು ಕೂತರೆ ಅತ್ತಿಗೆ ಹತ್ತಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ನನಗೆ ಅವನ ಚಿಂತೆ, ಅದಕ್ಕೇ ಇಷ್ಟೆಲ್ಲ ಉಪಚಾರ.

ಪರೀಕ್ಷೆಯಲ್ಲಿ ತಮ್ಮ ಗುಳಿಯ ರಸಕ್ಕೆ, ಅಂಶವನ್ನು ಹಿಡಿದ ಗುರುತಾದ ಹಳದಿ ಬಣ್ಣ ಬಂದಾಗ ಪ್ರೊಫೆಸರು ಕುಣಿದಾಡುವುದೊಂದು ಬಾಕಿ ಇತ್ತು. ತಮಗೆ 'ಬಂಗಾರಿ' ಎಂದು ಹೆಸರಿಟ್ಟು, ಜೀವಕೋಶಗಳಿಗೆ ಉಣಿಸುವ ಇದ್ದಬದ್ದ ಸೀರಮ್ಮನ್ನೆಲ್ಲ ತಮಗೇ ಸುರಿಸಿದರು. ಮೊನ್ನೆ ಯಾಕೋ ಅನುಮಾನ ಬಂದು ಆ ಅಂಶ ಬಿಟ್ಟು ಬರೀ ಆಲ್ಬುಮಿನ್ ಎಂಬ ಪ್ರೋಟೀನು ಹಾಕಿ ನೋಡಿದೆ. ಆಗಲೂ ಅದೇ ಹಳದಿ! ಅಂಶ ಕೆಡದಿರಲೆಂದು ಅದನ್ನು ಮಾರಿದ ಕಂಪನಿಯವರು ಸೀಸೆಗೆ ಆಲ್ಬುಮಿನ್ ಬೆರೆಸಿದ್ದರಂತೆ. ಇಲಿಗೆ ಚುಚ್ಚಿದ್ದೂ ಆ ಸೀಸೆಯದ್ದೇ, ಪರೀಕ್ಷೆಗೆ ಬಳಸಿದ್ದೂ ಆ ಸೀಸೆಯದ್ದೇ. ರಕ್ತದಲ್ಲಿ ಎಲ್ಲೆಂದರಲ್ಲಿ ತುಂಬಿ ತುಳುಕುವ ಆಲ್ಬುಮಿನ್ನನ್ನು ಹಿಡಿದು ತೋರಿಸಿದ ತಮ್ಮ ಪರಾಕ್ರಮವನ್ನು ಎಷ್ಟು ಹೊಗಳಲಿ? ಸಂತೆಯಲ್ಲಿ ತಪ್ಪಿಸಿಕೊಂಡ ತಂಗಿಯನ್ನು ಕರೆದುಕೊಂಡು ಬಾ ಎಂದರೆ ಸಿಕ್ಕಸಿಕ್ಕವರನ್ನೆಲ್ಲ ಮನೆಗೆ ಕರೆತಂದ ಧೀರರು ತಾವು.

ಆದ್ದರಿಂದ ತಾವು ದಯಮಾಡಿ ಈ ವಾರದೊಳಗೆ ಅಭಿರುಚಿ ಬದಲಿಸಿಕೊಳ್ಳಬೇಕು. ಆಗದಿದ್ದರೆ ಇಮ್ಮಡಿಯಾಗುವಾಗ ಕೊಂಚ ನಾಚಿಕೆಯನ್ನಾದರೂ ಪಡಬೇಕು. ಅದೂ ಆಗದಿದ್ದರೆ ಸೋಮವಾರದ ಸಭೆಗೆ ತಾವೇ ದಯಮಾಡಿಸಿ ಪ್ರೊಫೆಸರಿಗೆ ವಿಷಯ ತಿಳಿಸಬೇಕು. ಅವರಿನ್ನೂ ತಮ್ಮ ಫೋಟೋ ತೋರಿಸಿಕೊಂಡು ಓಡಾಡುತ್ತಿದ್ದಾರೆ, ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ತಟ್ಟೆ ತೊಳೆದು ಸಾಕಾದವಳು

ವಿ.ಸೂ.: ತಮ್ಮ ಪಕ್ಕದ ಗುಳಿಯ ಬಡಕಲು ಸಂಸಾರವನ್ನು ಈಗಷ್ಟೇ ಪರೀಕ್ಷಿಸಿದೆ. ಆಲ್ಬುಮಿನ್ ಕೊಟ್ಟರೆ ತಿರುಗಿಯೂ ನೋಡಲಿಲ್ಲ, ಆಲ್ಬುಮಿನ್ ಬೆರೆಸದ ಅಂಶ ಕೊಟ್ಟೊಡನೆ ಹಳದಿಯಾಯಿತು. ಕೈಗವಸಿನಲ್ಲೇ ಕಣ್ಣೊರೆಸಿಕೊಂಡೆ. ನಾಳೆಯಿಂದ ಸೀರಮ್ಮೆಲ್ಲ ಅವರಿಗೆ. ತಮಗೆ ಬ್ಲೀಚಿನಲ್ಲಿ ಸ್ನಾನಕ್ಕೆ ಅಣಿ ಮಾಡಿದ್ದೇನೆ, ಸಪರಿವಾರರಾಗಿ ಬರಬೇಕು.