ಮೂಗಿನಿಂದ ಉಪ್ಪು ನೋಡಿದ ಸೋಮವಾರ

ದೇವರು ನನಗೆ ಬಣ್ಣ ಕೊಡಲಿಲ್ಲ, ಎತ್ತರ ಕೊಡಲಿಲ್ಲ. ಮೂಗನ್ನು ಮಾತ್ರ ಧಾರಾಳವಾಗಿ ಕೊಟ್ಟ. ಇದು ನಮ್ಮ ಅಜ್ಜಿಯ ಮೂಗು. ಅಜ್ಜಿ ಅಂಗಳದಲ್ಲಿ ಕುಳಿತೇ, ಒಳಗೆ ಕುದಿಯುವ ಸಾರಿನ ವಾಸನೆ ಹಿಡಿದು, "ಉಪ್ಪು ಕಮ್ಮಿ ಆಗೇತಿ ನೋಡ್ರೇ" ಎನ್ನುತ್ತಿದ್ದಳು. ಆ ಮೂಗನ್ನು ನಂಬಿಕೊಂಡೇ ನಾನು ಗೋವಾದ ಮಡಗಾಂವ್ ಮಾರುಕಟ್ಟೆಯ ಹಿಂದಿನ ಒಂದು ಸಣ್ಣ ಹೋಟೆಲಿನಲ್ಲಿ ಎಂಟು ವರ್ಷದಿಂದ ಮೀನಿನ ಅಡುಗೆ ಮಾಡುತ್ತಿದ್ದೇನೆ.

ಮೀನನ್ನು ಮಾತ್ರ ಇದುವರೆಗೆ ಬಾಯಿಗೆ ಇಟ್ಟಿಲ್ಲ.

ನಮ್ಮದು ವಿಜಯಪುರದ ಕಡೆಯ ಮನೆತನ. ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸಬೇಕು. ಹೋಟೆಲಿಗೆ ನಾನು ಸೇರಿದ್ದು ಪಾತ್ರೆ ತೊಳೆಯಲು. ಆಮೇಲೆ ಮಸಾಲೆ ರುಬ್ಬಿದೆ. ಅಡುಗೆಯವನು ಕೆಲಸ ಬಿಟ್ಟ ದಿನ ಸೌಟು ಹಿಡಿದೆ. ನಾನು ಮಾಡುವುದು, ಮಾಲಕಿ ಸುಲಭಾಬಾಯಿ ರುಚಿ ನೋಡುವುದು ಎಂದು ಒಪ್ಪಂದ. ಊರಿಗೆ ಹೋದಾಗಲೆಲ್ಲ ನೆಂಟರ ಮುಂದೆ ನನ್ನದೊಂದು ಭಾಷಣವಿರುತ್ತಿತ್ತು: "ಗೋವಾದಾಗ ಇದ್ರೂ ನಮ್ಮ ಮನಿಯಾಗ ಒಬ್ರೂ ಮೀನ ಮುಟ್ಟಂಗಿಲ್ಲ."

ಒಂದು ಸೋಮವಾರ ಸುಲಭಾಬಾಯಿ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ವಾಳಪೈಗೆ ಹೊರಟರು. ಅಂದೇ ಮಧ್ಯಾಹ್ನ ಬಂದರಿನ ಕಡೆಯಿಂದ ಹದಿನೆಂಟು ಜನ ಊಟಕ್ಕೆ ಬರುವವರಿದ್ದರು. ನಮ್ಮ ಕಡೆಯ ಕೆಲಸಗಾರರ ನಡುವೆ ಇದ್ದೂ ಇದ್ದೂ ಗೋವಾದ ಸುಲಭಾಬಾಯಿಗೆ ನಮ್ಮ ಮಾತೇ ಬಂದುಬಿಟ್ಟಿದೆ.

"ಶಾಂತವ್ವಾ, ಇವತ್ತಿನ ಬಾಂಗಡಿ ಸಾರು ಚಲೋ ಆದ್ರ ನಾಳಿಂದ ಅಡಗಿಮನಿ ಕೀಲಿಕೈ ನಿನ್ನದು. ಕೆಟ್ಟಿತಂದ್ರ ಮತ್ತ ಮಸಾಲಿ ರುಬ್ಬಾಕ ಹೋಗಬೇಕು."

"ನೀವು ನಿಶ್ಚಿಂತಿಲೆ ಹೋಗಿ ಬರ್ರಿ ಬಾಯಾರ. ನನ್ನ ಮೂಗು ಐತಲ್ಲ" ಎಂದೆ.

ಸಾರು ಕುದಿಯಿತು. ಉಪ್ಪು ಸಾಲದು ಎಂದಿತು ಮೂಗು. ಒಂದು ಹಿಡಿ ಹಾಕಿದೆ. ಅಷ್ಟರಲ್ಲಿ ಮೆಣಸಿನಕಾಯಿಯ ಘಾಟು ಏರಿ, ಸಾಲಾಗಿ ಒಂಬತ್ತು ಸೀನು ಬಂದವು. ಒಂಬತ್ತನೆಯದು ಮುಗಿಯುವ ಹೊತ್ತಿಗೆ, ಉಪ್ಪು ಹಾಕಿದೆನೋ, ಹಾಕಬೇಕೆಂದುಕೊಂಡೆನೋ, ಮರೆತೇ ಹೋಗಿತ್ತು. ಸಂಶಯದ ಲಾಭವನ್ನು ಸಾರಿಗೆ ಕೊಟ್ಟು ಇನ್ನೊಂದು ಹಿಡಿ ಹಾಕಿದೆ. ಈ ಸಲ ಮೂಗು ಯಾವ ಅಭಿಪ್ರಾಯವನ್ನೂ ನೀಡಲಿಲ್ಲ. ಅದು ಸೋರುತ್ತಿತ್ತು.

ವೇಟರ್ ಪಾಂಡುರಂಗನನ್ನು ಕರೆದೆ. ಐವತ್ತು ದಾಟಿದ, ದಪ್ಪ ಮೀಸೆಯ, ನಮ್ಮ ಮಾತು ಕಲಿತ ಗೋವಾದ ಮನುಷ್ಯ.

"ಒಂದ ಚಮಚ ರುಚಿ ನೋಡಪಾ."

"ವೈನಿ, ಇವತ್ತ ಸೋಮವಾರ" ಎಂದು ಕೈ ಮುಗಿದ. ಸೋಮವಾರ ಅವನು ಮೀನು ಮುಟ್ಟುವುದಿಲ್ಲ. ಪಾತ್ರೆ ತೊಳೆಯುವ ಇಬ್ಬರು ಹೆಂಗಸರಿಗೂ ಸೋಮವಾರವೇ. ಆದರೂ ಪಾಂಡುರಂಗ ದೂರದಿಂದಲೇ ಪಾತ್ರೆಯೊಳಗೆ ಇಣುಕಿ, "ಹುಳಿ ಕಮ್ಮಿ ಕಾಣ್ತದ" ಎಂದ. ಬಣ್ಣ ನೋಡಿ ಹುಳಿ ಹೇಳುವವನ ಮಾತು ಕೇಳಿ ನಾಲ್ಕು ಕೋಕಂ ಹಾಕಿದೆ.

ಇನ್ನು ವಾರದ ಲೆಕ್ಕವಿಲ್ಲದವರು ಯಾರೆಂದು ಯೋಚಿಸಿ, ಹಿಂಬಾಗಿಲಿನ ಬೆಕ್ಕಿಗೆ ಒಂದು ಬಟ್ಟಲು ಇಟ್ಟೆ. ಅದು ಮೀನು ತಿಂದು, ಸಾರನ್ನು ಬಿಟ್ಟು ಹೋಯಿತು. ಉಪ್ಪು ಹೆಚ್ಚೋ ಕಡಿಮೆಯೋ ಹೇಳಲಿಲ್ಲ.

ಕೊನೆಗೆ ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಅವರು ಗೌಂಡಿ, ಪಕ್ಕದ ಓಣಿಯಲ್ಲೇ ಕಟ್ಟಡದ ಕೆಲಸ ನಡೆದಿತ್ತು. ಕೈಯಲ್ಲಿ ಸಿಮೆಂಟು, ಹಣೆಯ ಮೇಲೆ ವಿಭೂತಿ ಸಮೇತ ಬಂದರು.

"ಸೋಮವಾರ ಐತಿ ಶಾಂತಾ. ಮ್ಯಾಲ ನಾನು ಇದನ್ನ ಮುಟ್ಟಾಂವ ಅಲ್ಲ."

"ಪಾಪ ನನಗಿರಲಿ. ನಾಲಿಗಿ ತುದೀಗೆ ಒಂದ ಹನಿ ಹಚ್ಚಿಕೊಂಡು ಉಗುಳಿಬಿಡ್ರಿ. ನನ್ನ ಕೆಲಸದ ಪ್ರಶ್ನಿ ಐತಿ."

ಅವರು ಕಣ್ಣು ಮುಚ್ಚಿದರು. ಹೆಂಡತಿಗಾಗಿ ಗಂಡ ಪಡುವ ಕಷ್ಟ ಕಂಡು ನನ್ನ ಕಣ್ಣು ತುಂಬಿ ಬಂತು. ಚಮಚ ಬಾಯಿಗೆ ಹೋಯಿತು. ಉಗುಳಲಿಲ್ಲ, ನುಂಗಿದರು. ಮತ್ತೊಂದು ಚಮಚ ತೆಗೆದುಕೊಂಡರು.

"ಉಪ್ಪು ಎರಡ ಸಲ ಬಿದ್ದೈತಿ. ಹುಳೀನೂ ಜಾಸ್ತಿ. ಕಾಯಿ ಹಾಲು ಇನ್ನೊಂದ ತಂಬಿಗಿ ಹಾಕು. ತಿರಫಳ ಮರತೀ ನೋಡು. ಬಾಂಗಡಿಗೆ ತಿರಫಳ ಇಲ್ಲಂದ್ರ ಹೆಂಗ? ಶುಕ್ರವಾರದ್ದು ಎಷ್ಟ ಚಲೋ ಆಗಿತ್ತು."

ನಾನು ಒಲೆಯ ಉರಿ ಸಣ್ಣ ಮಾಡಿದೆ.

"ಯಾವ ಶುಕ್ರವಾರದ್ರೀ?" ಎಂದೆ.

ನಮ್ಮವರು ತಮ್ಮ ಸಿಮೆಂಟಿನ ಕೈ ನೋಡಿಕೊಂಡರು. ಪಾಂಡುರಂಗ ಒರೆಸಿದ ಲೋಟವನ್ನೇ ಮತ್ತೆ ಒರೆಸತೊಡಗಿದ.

ವಿಚಾರಣೆಗೆ ಸಮಯವಿರಲಿಲ್ಲ. ಹದಿನೆಂಟು ಜನ ಬಂದು ಕುಳಿತಿದ್ದರು. ಆರೋಪಿ ಹೇಳಿದಂತೆಯೇ ಕಾಯಿಹಾಲು ಸುರಿದು, ಆ ತಿರಫಳವೆಂಬ ಘಾಟಿನ ಕಾಯನ್ನು ಜಜ್ಜಿ ಹಾಕಿ, ಕುದಿಸಿ ಇಳಿಸಿದೆ. ಎಲ್ಲರೂ ಎರಡೆರಡು ಸಲ ಸಾರು ಹಾಕಿಸಿಕೊಂಡರು. ಅವರಲ್ಲಿ ಹಿರಿಯರೊಬ್ಬರು ಅಡುಗೆಮನೆಯ ಬಾಗಿಲಿಗೇ ಬಂದು, ಇಂಥ ಕೈರುಚಿ ಹುಟ್ಟಿನಿಂದ ಮೀನು ತಿಂದವರಿಗಷ್ಟೇ ಬರುತ್ತದೆ ಎಂದು ಹೊಗಳಿದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದು ತಿಳಿದರು.

ಸಂಜೆ ಸುಲಭಾಬಾಯಿ ಬಂದ ಮೇಲೆ ವಿಚಾರಣೆ ನಡೆಯಿತು. ಏಳು ವರ್ಷದಿಂದ, ವಾರಕ್ಕೆ ಆರು ದಿನ, ನಮ್ಮವರು ಇದೇ ಹೋಟೆಲಿನ ಮೂಲೆ ಮೇಜಿನಲ್ಲಿ ಕುಳಿತು ಮೀನಿನ ಊಟ ಮಾಡುತ್ತಿದ್ದರಂತೆ. ನಾನು ಅಡುಗೆಮನೆ ಬಿಟ್ಟು ಹೊರಗೆ ಬರುವುದೇ ಮೂರು ಗಂಟೆಗೆ. ಅಷ್ಟೊತ್ತಿಗೆ ಅವರು ಕೈ ತೊಳೆದು ಹೋಗಿರುತ್ತಿದ್ದರು.

"ಹಂಗಾರ ನಾ ದಿನಾ ಕಟ್ಟಿಕೊಡೋ ರೊಟ್ಟಿ, ಎಣ್ಣಿಗಾಯಿ? ಡಬ್ಬಿ ಖಾಲಿ ಬರತಿತ್ತಲ್ಲ?"

"ಅದು ನಾನು, ವೈನಿ" ಎಂದ ಪಾಂಡುರಂಗ. "ಬದನಿಕಾಯಿ ಭಾಳ ಚಲೋ ಮಾಡ್ತೀರಿ."

"ನಿಮಗೂ ಗೊತ್ತಿತ್ತೇನ್ರಿ ಬಾಯಾರ?"

"ನಾ ಏನ ಮಾಡ್ಲಿ?" ಎಂದರು ಸುಲಭಾಬಾಯಿ. "ಹೇಂತಿ ಕೈ ಅಡಗಿ ಉಣ್ಣಾಕ ಬಂದೇನಿ ಅಂದ್ರು. ಉಣಬ್ಯಾಡ್ರಿ ಅಂತ ಹೆಂಗ ಹೇಳ್ಲಿ?"

ನಮ್ಮವರಿಗೆ ಅಷ್ಟರಲ್ಲಿ ಧೈರ್ಯ ಬಂದಿತ್ತು. "ಸೋಮವಾರ ಮಾತ್ರ ಖರೇನ ಮುಟ್ಟಿದ್ದಿಲ್ಲ. ನಿನ್ನ ಸಲುವಾಗಿ ಇವತ್ತ ಅದೂ ಕೆಡ್ತು" ಎಂದು ನನ್ನನ್ನೇ ಗದರಿಸಿದರು.

ನನ್ನ ಬಳಿ ಒಂದೇ ಪ್ರಶ್ನೆ ಉಳಿದಿತ್ತು. "ಏಳು ವರ್ಷದಾಗ ನಿಮ್ಮ ಮೈಯಿಂದ ಮೀನದ ವಾಸನಿ ನನಗ ಒಂದ ದಿನನೂ ಹೊಡೀಲಿಲ್ಲಲ್ರಿ?"

"ಹೊಡೀತಿತ್ತು" ಎಂದರು. "ನಾ ಮನಿಗೆ ಬಂದ ಕೂಡ್ಲೆ ಮೂಗು ಏರಿಸ್ತಿದ್ದಿ. ಆಮ್ಯಾಲ ನಿನ್ನ ಸೆರಗು ಮೂಸಿ ನೋಡಿ, 'ನನ್ನದ ಬಿಡು' ಅಂತ ಜಳಕಕ್ಕ ಹೋಗ್ತಿದ್ದಿ."

ಕೀಲಿಕೈ ಈಗ ನನ್ನ ಸೊಂಟದಲ್ಲಿದೆ. ಉಪ್ಪು ನೋಡುವ ಹುದ್ದೆಗೆ ನಮ್ಮವರ ನೇಮಕವಾಗಿದೆ, ಸೋಮವಾರ ರಜೆ. ಊರಿಗೆ ಹೋದಾಗ ನೆಂಟರ ಮುಂದೆ ಮಳೆ ಬೆಳೆಯ ಮಾತಷ್ಟೇ ಆಡುತ್ತೇನೆ. ಅಜ್ಜಿ ಕೊಟ್ಟ ಮೂಗನ್ನು ಸದ್ಯಕ್ಕೆ ಉಸಿರಾಡುವುದಕ್ಕೆ ಮಾತ್ರ ಬಳಸುತ್ತಿದ್ದೇನೆ.